ಕ್ರಿಸ್‌ಮಸ್ ಹಾಡುಗಳಲ್ಲಿ ಮನೆಯವರ ಹಂಬಲವೂ ಪಶ್ಚಾತ್ತಾಪವೂ ಹೇಗೆ ಮೂಡುತ್ತವೆ?

ಹಂಬಲವನ್ನು ನೇರವಾಗಿ ಹೆಸರಿಸುವುದಕ್ಕಿಂತ ಹೆಚ್ಚಾಗಿ, ಮನೆಯ ಚಿಕ್ಕಪುಟ್ಟ ವಸ್ತುಗಳನ್ನು ನೆನೆಯುತ್ತ ಹೋಗಿ, ಅವುಗಳ ನಡುವೆ ತಾನಿಲ್ಲವೆಂಬುದನ್ನು ಕೊನೆಗೆ ತಿಳಿಸುವುದರಿಂದ ಈ ಹಾಡುಗಳು ಮನಸ್ಸನ್ನು ಹಿಡಿಯುತ್ತವೆ. ಹಬ್ಬ ಪ್ರತಿವರ್ಷ ಅದೇ ಆಚರಣೆಗಳೊಂದಿಗೆ ಮರಳುವುದರಿಂದ, ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಗೋದಲಿ ಮೊದಲಿನಂತೆಯೇ ಇದ್ದು ಅದನ್ನು ಕಟ್ಟುತ್ತಿದ್ದ ಕೈ ಮಾತ್ರ ಇಲ್ಲವಾದಾಗ ಆ ಕೊರತೆ ತಾನಾಗಿಯೇ ಎದ್ದು ಕಾಣುತ್ತದೆ. 1943ರಲ್ಲಿ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಹಾಡಿದ ‘ಐ ವಿಲ್ ಬಿ ಹೋಮ್ ಫಾರ್ ಕ್ರಿಸ್‌ಮಸ್’ ಇದಕ್ಕೆ ಒಳ್ಳೆಯ ಉದಾಹರಣೆ: ದೂರದಲ್ಲಿರುವ ಸೈನಿಕನೊಬ್ಬ ಮನೆಗೆ ಬರೆದ ಪತ್ರದಂತಿರುವ ಆ ಹಾಡು ಬಂದೇ ಬರುತ್ತೇನೆಂಬ ಭರವಸೆಯಿಂದ ಆರಂಭವಾಗಿ, ಹಿಮವನ್ನೂ ಮರದ ಬಳಿಯ ಉಡುಗೊರೆಗಳನ್ನೂ ಬಯಸಿ, ಆ ಬರುವಿಕೆ ಕನಸಿನಲ್ಲಿ ಮಾತ್ರವೇ ಆದೀತೆಂಬಲ್ಲಿಗೆ ನಿಲ್ಲುತ್ತದೆ.

ಪಶ್ಚಾತ್ತಾಪದ ಕೆಲಸವನ್ನು, ನನ್ನ ಅಭಿಪ್ರಾಯದಲ್ಲಿ, ಹೆಚ್ಚಾಗಿ ಕ್ರಿಯಾಪದವೇ ಮಾಡುತ್ತದೆ. ನಮ್ಮ ಕಡೆಯ ಒಂದು ಹಾಡನ್ನು ಊಹಿಸಿಕೊಳ್ಳಿ: ಡಿಸೆಂಬರ್ ಎಂದರೆ ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಕಾಫಿಯ ಕೊಯ್ಲಿನ ಕಾಲ. ರಜೆ ಸಿಗದೆ ಕಣದಲ್ಲಿ ಕಾಫಿ ಹರವುತ್ತ ನಿಂತವನು ಫೋನಿನಲ್ಲಿ ‘ಬರಲಾಗಲಿಲ್ಲ’ ಎಂದರೆ ಅದು ಬರಿಯ ಸುದ್ದಿ. ‘ಅಮ್ಮ ಇದ್ದಾಗಲೇ ಒಂದು ಸಲ ಬರಬೇಕಿತ್ತು’ ಎಂದಾಗ, ನಡೆಯದೆ ಹೋದದ್ದೂ, ಅದಕ್ಕೆ ತಾನೇ ಹೊಣೆಯೆಂಬುದೂ ಆ ಒಂದೇ ‘ಬೇಕಿತ್ತು’ವಿನಲ್ಲಿ ಕೇಳಿಬರುತ್ತವೆ.