ಎರೆ ಮೀನು ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ತೇಲ್ತಿತ್ತು: ಏನಾಯ್ತು?

ಪ್ರಶ್ನೆ: ನಮಸ್ಕಾರ್ರಿ ಸರ. ನಮ್ದು ಬಿಜಾಪುರ ಕಡೆ, ಗೋವಾದ ವಾಸ್ಕೋಕ್ಕ ಬಂದು ಹನ್ನೆರಡ ವರ್ಷ ಆತ್ರಿ. ಸಂಡೇ ಬಂತಂದ್ರ ಜುವಾರಿ ಹೊಳೀ ದಂಡ್ಯಾಗ ಗಾಳ ಹಾಕ್ತೀನಿ, ಚೊಣಕ್ ಮೀನು (ಸೀಬಾಸ್) ಬೀಳ್ಬೇಕಂದ್ರ ಜೀವಂತ ಎರೀನ ಬೇಕ್ರಿ. ಶನಿವಾರ ಸಂಜೀಕ ಶೆವ್ಟೊ ಮೀನಿನ (ಮುಲೆಟ್) ಮರಿ, ಸಿಗಡಿ ಹಿಡದು ಹೊಳೀ ನೀರಾಗ ತರ್ತೀನಿ, 20 ಲೀಟರ್ ಬಕೆಟ್ಟು, ಏರ್ ಪಂಪ್ ಐತಿ. ಮಲಗೂಮುಂದ ನೀರು ಹೊಲಸಾಗೈತಿ ಅಂತ ಅರ್ಧ ಚೆಲ್ಲಿ ನಳದ ಫ್ರೆಶ್ ನೀರು ಹಾಕಿ, ಮ್ಯಾಲೆ ಒಂದು ಮುಷ್ಟಿ ಉಪ್ಪು ಹಾಕ್ತೀನಿ. ಮುಂಜಾನೆ ನೋಡಿದ್ರ ಮುಕ್ಕಾಲು ಸತ್ತಿರ್ತಾವ್ರಿ. ಅಂಗಡ್ಯಾಂವ ನೀಲಿ ಔಷಧ ಕೊಟ್ಟ, ಅದೂ ಉಪಯೋಗ ಆಗ್ಲಿಲ್ಲ. ಯಾವ ಔಷಧ ಹಾಕ್ಲಿ?

ಉತ್ತರ: ಔಷಧ ಯಾವ್ದೂ ಬೇಡ ಅಣ್ಣಾ. ನಿಮ್ಮ ಮೀನಿಗೆ ರೋಗ ಇಲ್ಲ, ನೀವು ಪ್ರೀತಿಯಿಂದ ಹಾಕ್ತಿರೋ ಆ ಫ್ರೆಶ್ ನೀರೇ ಅದನ್ನ ಕೊಲ್ತಿರೋದು.

ಮೊದ್ಲು ಉಪ್ಪಿನ ಲೆಕ್ಕ ಹಾಕೋಣ. ಬೇಸಿಗೇಲಿ ವಾಸ್ಕೋ ಹತ್ರ ಜುವಾರಿ ನೀರು ಹೆಚ್ಚುಕಮ್ಮಿ ಸಮುದ್ರದ ನೀರೇ, ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪು ಅಂತಿಟ್ಕೊಳ್ಳಿ. ನೀವು 10 ಲೀಟರ್ ಚೆಲ್ಲಿದ್ರಿ ಅಂದ್ರೆ 350 ಗ್ರಾಂ ಉಪ್ಪು ಮೋರಿಗೆ ಹೋಯ್ತು, ಬದಲಿಗೆ ಹಾಕಿದ್ದು ಒಂದು ಮುಷ್ಟಿ, ಅದ್ರಲ್ಲಿ 50-60 ಗ್ರಾಂ ಬಂದ್ರೆ ಹೆಚ್ಚು. ಅಂದ್ರೆ ಐದೇ ನಿಮಿಷದಲ್ಲಿ ಉಪ್ಪು ಅರ್ಧಕ್ಕೆ ಹತ್ರ ಇಳಿದು ಬಿಡ್ತು. ಶೆವ್ಟೊ ಗಟ್ಟಿ ಜೀವ, ಸಮುದ್ರದಲ್ಲೂ ಇರತ್ತೆ ಹೊಳೇಲೂ ಇರತ್ತೆ, ಆದ್ರೆ ಅದು ಭರತ-ಇಳಿತದ ಜೊತೆ ಗಂಟೆಗಟ್ಲೆ ನಿಧಾನ ಹೊಂದ್ಕೊಳ್ಳೋ ಮೀನು, ಮಗ್‌ನಲ್ಲಿ ಸುರಿದ ನೀರಿಗಲ್ಲ. ಬಲೇಲಿ ಒದ್ದಾಡಿ ಮೈಮೇಲಿನ ಲೋಳೆ ಕಿತ್ತೋಗಿರೋ ಮೀನಿಗಂತೂ ಅದು ಇನ್ನೂ ಕಷ್ಟ.

ಹಾಗಾದ್ರೆ ಅಡುಗೆ ಉಪ್ಪನ್ನೇ 350 ಗ್ರಾಂ ಹಾಕ್ತೀನಿ ಅನ್ಬೇಡಿ. ಸಮುದ್ರದ ನೀರಲ್ಲಿ ಬರೀ ಸೋಡಿಯಂ ಕ್ಲೋರೈಡ್ ಇರಲ್ಲ, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಶಿಯಂ ಎಲ್ಲ ಇರತ್ತೆ, ಸಿಗಡಿಗೆ ಅವೆಲ್ಲ ಬೇಕೇ ಬೇಕು. ಇಲ್ಲಿಯ ಮಿಠಾಗರದ (ಉಪ್ಪಿನ ಗದ್ದೆಯ) ದಪ್ಪ ಉಪ್ಪು ಸಮುದ್ರದ್ದೇ ಅಲ್ವಾ ಅಂತ ಹೋದ ಸಲ ಒಬ್ರು ಕೇಳಿದ್ರು. ಸಮುದ್ರದ್ದೇ, ಆದ್ರೆ ಉಪ್ಪು ಹರಳುಗಟ್ಟಿದ ಮೇಲೆ ಉಳಿಯೋ ಕಹಿ ನೀರನ್ನ ಗದ್ದೆಯಿಂದ ಹೊರಗೆ ಬಿಡ್ತಾರಲ್ಲ, ಮೆಗ್ನೀಷಿಯಂ ಪೊಟ್ಯಾಶಿಯಂ ಬಹುಪಾಲು ಅದ್ರ ಜೊತೆಗೇ ಹೋಗಿರತ್ತೆ. ಸುಲಭದ ದಾರಿ ಅಂದ್ರೆ ಮೀನು ಹಿಡಿದ ಜಾಗದಿಂದಲೇ, ಅದೇ ಹೊತ್ತಿನ ನೀರನ್ನ ಎರಡು ಕ್ಯಾನ್ ಜಾಸ್ತಿ ತುಂಬ್ಕೊಂಡು ಬನ್ನಿ. ರಾತ್ರಿ ಬದಲಾಯಿಸ್ಬೇಕಾದ್ರೆ ಆ ನೀರೇ ಹಾಕಿ, ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಮಳೆಗಾಲದಲ್ಲಿ ಇದೇ ಹೊಳೆ ಮೇಲ್ಗಡೆ ಸಿಹಿನೀರು ಥರ ಆಗಿರತ್ತೆ, ಆಗ ಮೇ ತಿಂಗಳಲ್ಲಿ ತುಂಬಿಟ್ಟ ಕ್ಯಾನ್ ತೆಗೆದು ಸುರಿದ್ರೆ ಅದೂ ಉಲ್ಟಾ ಹೊಡೆಯತ್ತೆ.

ಇನ್ನು ಕ್ಲೋರಿನ್. ವಾಸ್ಕೋಗೆ ಬರೋದು ಸಾಳಾವಳಿ ಡ್ಯಾಮಿನ ನೀರು, ಶುದ್ಧ ಮಾಡಿ ಕ್ಲೋರಿನ್ ಹಾಕಿಯೇ ಬಿಡ್ತಾರೆ, ಹಾಕ್ಲೇಬೇಕು, ಕುಡಿಯೋ ನೀರಿನ ನಿಯಮದ ಪ್ರಕಾರ ನಳದಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರ್ಬೇಕು. ನಮಗೆ ಅದು ಒಳ್ಳೇದು, ಮೀನಿನ ಕಿವಿರಿಗೆ ಅದೇ ಬೆಂಕಿ. ಕಿವಿರು ಸುಟ್ಟ ಮೀನು ಏರ್ ಪಂಪ್ ಬುರಬುರ ಅಂತಿದ್ರೂ ಮೇಲೆ ಬಂದು ಬಾಯಿ ತೆರೀತಾ ಇರತ್ತೆ, ನಿಮ್ಮದೂ ಹಾಗೇ ಮಾಡಿರ್ಬೇಕು. ಆವಿಯಾಗಿ ಕಮ್ಮಿ ಆದ ನೀರಿಗೆ ಮಾತ್ರ ನಳದ ನೀರು ಹಾಕ್ಬಹುದು (ನೀರು ಆರತ್ತೆ, ಉಪ್ಪು ಅಲ್ಲೇ ಉಳಿಯತ್ತೆ), ಅದೂ ಕ್ಲೋರಿನ್ ತೆಗೆದು. ಒಂದಿನ ಅಗಲ ಟಬ್‌ನಲ್ಲಿ ಗಾಳಿ ಬಿಟ್ಟು ಇಟ್ರೆ ಹೋಗತ್ತೆ. ಅವಸರ ಇದ್ರೆ ಸೋಡಿಯಂ ಥಯೋಸಲ್ಫೇಟ್, ಹಳೇ ಫೋಟೋ ಸ್ಟುಡಿಯೋದವ್ರು ಹೈಪೋ ಅಂತಿದ್ರಲ್ಲ ಅದೇ ಹರಳು, ಅಕ್ವೇರಿಯಂ ಅಂಗಡೀಲಿ ಸಿಗತ್ತೆ. 20 ಗ್ರಾಂ ಹರಳನ್ನ ಒಂದು ಲೀಟರ್ ನೀರಲ್ಲಿ ಕರಗಿಸಿ ಬಾಟಲಿಗೆ ಚೀಟಿ ಅಂಟಿಸಿ ಮಕ್ಕಳಿಗೆ ಸಿಗದ ಕಡೆ ಇಡಿ, 20 ಲೀಟರ್ ನಳದ ನೀರಿಗೆ ಅದ್ರಲ್ಲಿ ಎರಡು ಟೀ ಚಮಚ ಸಾಕು, ಮೀನಿರೋ ಬಕೆಟ್‌ಗೆ ಸುರಿಯೋ ಮುಂಚೆಯೇ ಹಾಕಿ ಕಲಕಿ.

ನೀರು ಹೊಲಸಾಗೈತಿ ಅಂದ್ರಲ್ಲ, ಆ ಅನುಮಾನ ಮಾತ್ರ ಸರಿ. ಮೀನು ಕಿವಿರಿನಿಂದಲೇ ಅಮೋನಿಯಾ ಬಿಡತ್ತೆ, ಅದು ಕಣ್ಣಿಗೆ ಕಾಣಲ್ಲ. ಒಡೆಯದೆ ನಿಂತಿರೋ ನೊರೆ ಕಂಡ್ರೆ ಲೋಳೆ, ಕಕ್ಕಸು ಎಲ್ಲ ಸೇರಿ ನೀರು ಕೆಟ್ಟಿದೆ ಅಂತ ಅರ್ಥ. ಉಪ್ಪು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8ರ ಮೇಲಿರತ್ತೆ, ಅಲ್ಲಿ ಅಮೋನಿಯಾದ ವಿಷದ ಭಾಗ ಪಿಎಚ್ 7ರ ನೀರಿಗಿಂತ ಸುಮಾರು ಹತ್ತು ಪಟ್ಟು, ಸೆಕೆ ಏರಿದ್ರೆ ಇನ್ನೂ ಜಾಸ್ತಿ. ಅದಕ್ಕೆ 20 ಲೀಟರ್‌ನಲ್ಲಿ ಬೆರಳುದ್ದದ ಮೀನು ಎಂಟ್ಹತ್ತು ಸಾಕು, ಅವತ್ತು ರಾತ್ರಿ ತಿನ್ನೋಕೆ ಏನೂ ಹಾಕ್ಬೇಡಿ, ಸತ್ತದ್ದನ್ನ ಕಂಡ ಕೂಡ್ಲೇ ತೆಗೀರಿ, ಸಿಗಡೀನ ಬೇರೆ ಬಕೆಟ್‌ನಲ್ಲಿಡಿ. ತಂಪು ಮಾಡೋಕೆ ಐಸ್ ತುಂಡು ನೇರ ಹಾಕಿದ್ರೆ ಮತ್ತೆ ಉಪ್ಪು ಇಳಿಯತ್ತೆ, ಬಾಟಲೀಲಿ ನೀರು ಗಡ್ಡೆ ಕಟ್ಟಿಸಿ ಮುಚ್ಚಳ ಹಾಕಿ ಇಳಿಬಿಡಿ, ಎರಡು ಮೂರು ಡಿಗ್ರಿ ಇಳಿದ್ರೆ ಸಾಕು. ಆ ನೀಲಿ ಔಷಧ, ಅದು ಮೆಥಿಲೀನ್ ಬ್ಲೂ ಇರ್ಬೇಕು, ಫಂಗಸ್‌ಗೆ ಆಗತ್ತೆ, ಕ್ಲೋರಿನ್‌ಗೂ ಅಮೋನಿಯಾಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ.

ಪ್ರಶ್ನೆ: ಸರ್, ನಾವು ಶಿವಮೊಗ್ಗದವ್ರು, ಈಗ ಮಾಪುಸಾದಲ್ಲಿದ್ದೀವಿ. ನಮ್ಮ ಯಜಮಾನ್ರು ಗದ್ದೆ ಕಾಲುವೆಯಿಂದ ಸಣ್ಣ ಮೀನು ತಂದು ಗಾಳಕ್ಕೆ ಅಂತ ಮನೆ ಟಬ್‌ನಲ್ಲಿ ಸಾಕ್ತಾರೆ, ಇದು ಸಿಹಿನೀರು. ಅಮೋನಿಯಾಗೆ ಜಿಯೋಲೈಟ್ ಕಲ್ಲು ಹಾಕಿದಾರೆ, ಮೈಮೇಲೆ ಬಿಳಿ ಹತ್ತಿ ಥರ ಬಂದಿದ್ದಕ್ಕೆ ಯಾರೋ ಹೇಳಿದ್ರು ಅಂತ ಉಪ್ಪೂ ಹಾಕಿದ್ರು. ಮಾರನೇ ದಿನದಿಂದ ಸಾಯೋಕೆ ಶುರು. ಉಪ್ಪು ಹಾಕಿದ್ದು ತಪ್ಪಾ?

ಉತ್ತರ: ಉಪ್ಪೂ ಸರಿ, ಕಲ್ಲೂ ಸರಿ, ಎರಡೂ ಒಟ್ಟಿಗೆ ಹಾಕಿದ್ದು ತಪ್ಪು ಮೇಡಂ. ಜಿಯೋಲೈಟ್ ಅಮೋನಿಯಾ ಹಿಡ್ಕೊಳ್ಳೋದು ತನ್ನಲ್ಲಿರೋ ಸೋಡಿಯಂ ಬಿಟ್ಕೊಟ್ಟು. ನೀರಿಗೆ ಉಪ್ಪು ಬಿತ್ತು ಅಂದ್ರೆ ವ್ಯಾಪಾರ ತಿರುಗಾ ಆಗತ್ತೆ, ಸೋಡಿಯಂ ಒಳಗೆ ಹೋಗತ್ತೆ, ಅಷ್ಟು ದಿನ ಹಿಡಿದಿಟ್ಟ ಅಮೋನಿಯಾ ಟಬ್‌ಗೆ ಬರತ್ತೆ. ಹಳೇ ಜಿಯೋಲೈಟ್‌ನ ರೀಚಾರ್ಜ್ ಮಾಡೋದೇ ಉಪ್ಪುನೀರಲ್ಲಿ ನೆನೆಸಿ, ಅದನ್ನ ಮೀನಿರೋ ಟಬ್‌ನಲ್ಲೇ ಮಾಡಿದ ಹಾಗಾಯ್ತು. (ವಾಸ್ಕೋ ಅಣ್ಣನಿಗೂ ಇದೇ ಕಾರಣಕ್ಕೆ ಜಿಯೋಲೈಟ್ ಹೇಳ್ಲಿಲ್ಲ.) ಕಲ್ಲು ಪೂರ್ತಿ ತೆಗೆದು, ಕ್ಲೋರಿನ್ ಬಿಟ್ಟ ನೀರಲ್ಲಿ ಕಾಲು ಭಾಗ ಬದಲಾಯಿಸಿ, ಆಮೇಲೆ ಆ ಬಿಳಿ ಹತ್ತಿ ಥರದ ಫಂಗಸ್‌ಗೆ ಲೀಟರ್‌ಗೆ 2-3 ಗ್ರಾಂ ಉಪ್ಪು ಇರೋ ಹಾಗೆ ನೋಡ್ಕೊಳ್ಳಿ, ಬೇರೆ ಪಾತ್ರೇಲಿ ಕರಗಿಸಿ ಸ್ವಲ್ಪ ಸ್ವಲ್ಪ ಸೇರಿಸಿ. ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿ ಅಂತಾನೂ ಯಾರಾದ್ರೂ ಹೇಳ್ತಾರೆ, 20 ಲೀಟರ್‌ಗೆ 40 ಮಿಲಿಗ್ರಾಂ ಲೆಕ್ಕ ಅದು, ಅಡುಗೆಮನೆ ತಕ್ಕಡೀಲಿ ತೂಗೋಕಾಗಲ್ಲ, ಬಿಟ್ಬಿಡಿ.

ಇನ್ನೊಂದು, ಟಬ್ ಯಾವ ಕೋಣೇಲಿದೆ ಅಂತ ನೀವು ಬರೆದಿಲ್ಲ, ಅದಕ್ಕೆ ಹೇಳ್ತಿದೀನಿ. ನಾನೇ ಒಂದ್ಸಲ ಮಲಗೋ ಕೋಣೇಲಿ ಎರೆ ಸಿಗಡಿ ಬಕೆಟ್ ಇಟ್ಟು, ಪಂಪ್ ಹಾಕಿ, ಸೊಳ್ಳೆ ಜಾಸ್ತಿ ಅಂತ ಲಿಕ್ವಿಡ್ ಮಷಿನ್ನೂ ಹಚ್ಚಿ ಮಲಗಿದ್ದೆ. ನೀರು ಸರಿ, ಉಪ್ಪು ಸರಿ, ಬೆಳಗ್ಗೆ ನೋಡಿದ್ರೆ ಅಷ್ಟೂ ಸಿಗಡಿ ಮಗುಚಿ ಬಿದ್ದು ಕಾಲು ನಡುಗಿಸ್ತಿದ್ವು. ಪಂಪ್ ಎಳ್ಕೊಳ್ಳೋದು ಕೋಣೆ ಗಾಳೀನೇ ಅಲ್ವಾ, ಸೊಳ್ಳೆ ಔಷಧಿಯ ಪೈರೆಥ್ರಾಯ್ಡ್ ಮೀನಿಗೂ ವಿಷ, ಸಿಗಡಿಗಂತೂ ಕೇಳ್ಬೇಡಿ. ಅವತ್ತಿಂದ ನಮ್ಮನೇಲಿ ಬಕೆಟ್ ಹಿಂದಿನ ವರಾಂಡಕ್ಕೆ ಹೋಗಿದೆ, ಮೇಲೆ ಬೆಕ್ಕಿಗೆ ಅಂತ ಒಂದು ಜಾಲರಿ. ತಾಮ್ರದ ಹಂಡೆ, ಹೊಸ ಸತುವಿನ ಬಕೆಟ್ಟು, ಪಾತ್ರೆ ಸೋಪು ಹಾಕಿ ತೊಳೆದ ಟಬ್ಬು, ಇವೂ ಬೇಡ. ಮತ್ತೆ ಯಜಮಾನ್ರಿಗೆ ಹೇಳಿ, ಉಳಿದ ಮೀನನ್ನ ಸಿಕ್ಕ ಕೆರೆಗೆ ಬಿಡೋದು ಬೇಡ, ಬಂದ ಕಾಲುವೆಗೂ ಬೇಡ, ಟಬ್‌ನಲ್ಲಿ ಹತ್ತಿದ ಫಂಗಸ್ಸು ಅಲ್ಲಿಗೂ ಹೋಗತ್ತೆ.