ಪಟ್ಟಿ ಒಂದು, ಪರದೆ ಎರಡು

ಪ್ರಶ್ನೆ: ಆಫೀಸ್ ಕಂಪ್ಯೂಟರಿನಲ್ಲಿ ಕ್ಲಾಸಿಕ್ ಔಟ್‌ಲುಕ್ ಇದೆ, ಫೋನಿನಲ್ಲಿ ಮೈಕ್ರೋಸಾಫ್ಟ್ ಟು ಡು ಎಂಬ ಕೆಲಸದ ಪಟ್ಟಿಯ ಆ್ಯಪ್. ಎರಡರಲ್ಲೂ ಒಂದೇ ಆಫೀಸ್ ಖಾತೆ. ಆದರೂ ಕೆಲವು ಟಾಸ್ಕ್ ಮಾತ್ರ ಫೋನಿಗೆ ಬರುತ್ತವೆ, ಉಳಿದವು ನಾಪತ್ತೆ. ಯಾಕೆ ಹೀಗೆ?

ಉತ್ತರ: ಉಳಿದವು ಬಹುಶಃ ಸರ್ವರಿಗೆ ಹೋಗಿಯೇ ಇಲ್ಲ. ಔಟ್‌ಲುಕ್‌ನಲ್ಲಿ ಕಂಟ್ರೋಲ್ ಜೊತೆ 4 ಒತ್ತಿ ಟಾಸ್ಕ್ ವಿಭಾಗ ತೆರೆಯಿರಿ, ಎಡಬದಿಯ ಫೋಲ್ಡರ್ ಹೆಸರುಗಳನ್ನು ಸರಿಯಾಗಿ ಓದಿ. ಒಂದರ ಜೊತೆ ನಿಮ್ಮ ಆಫೀಸ್ ಇಮೇಲ್ ವಿಳಾಸ ಇರುತ್ತದೆ. ಇನ್ನೊಂದರಲ್ಲಿ ‘ದಿಸ್ ಕಂಪ್ಯೂಟರ್ ಓನ್ಲಿ’ ಎಂದಿರಬಹುದು. ಅದರಲ್ಲಿ ಬರೆದದ್ದೆಲ್ಲ ಆ ಯಂತ್ರದ ಡಿಸ್ಕಿನಲ್ಲೇ ಕೂತಿರುತ್ತದೆ. ಔಟ್‌ಲುಕ್‌ಗೆ ಐಮ್ಯಾಪ್ (ಸರ್ವರಿನಿಂದ ಮೇಲ್ ತರುವ ಒಂದು ವಿಧಾನ) ಖಾತೆ ಸೇರಿಸಿದಾಗ ಈ ಫೋಲ್ಡರ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಐಮ್ಯಾಪ್ ಹೊರುವುದು ಮೇಲ್ ಒಂದನ್ನೇ; ಟಾಸ್ಕ್, ಕ್ಯಾಲೆಂಡರ್ ಅದರ ಲೆಕ್ಕಕ್ಕಿಲ್ಲ.

ಮೊದಲು ಫೈಲ್ ಮೆನುವಿನ ‘ಓಪನ್ ಆಂಡ್ ಎಕ್ಸ್‌ಪೋರ್ಟ್’ ಮೂಲಕ ಆ ಫೋಲ್ಡರಿನದೊಂದು ಪಿಎಸ್‌ಟಿ ಪ್ರತಿ (ಬ್ಯಾಕಪ್ ಕಡತ) ತೆಗೆದಿಡಿ. ಆಮೇಲೆ ವ್ಯೂ ಮೆನುವಿನಲ್ಲಿ ‘ಸಿಂಪಲ್ ಲಿಸ್ಟ್’ ಆರಿಸಿ. ಇಲ್ಲವಾದರೆ ಮುಗಿದ ಟಾಸ್ಕ್‌ಗಳು ಕಣ್ಣಿಗೆ ಬೀಳದೆ ಹಿಂದೆ ಉಳಿದುಬಿಡುವ ಸಾಧ್ಯತೆ ಇದೆ. ಎಲ್ಲವನ್ನೂ ಆಯ್ಕೆ ಮಾಡಿ, ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ, ಆಫೀಸ್ ವಿಳಾಸವಿರುವ ಟಾಸ್ಕ್ ಫೋಲ್ಡರಿಗೆ ಸಾಗಿಸಿ.

ಇಷ್ಟಾದ ಮೇಲೂ ಔಟ್‌ಲುಕ್‌ನ ಎಲ್ಲ ವಿವರ ಫೋನಿನಲ್ಲಿ ಕಾಣುವುದಿಲ್ಲ. ಆರಂಭದ ದಿನಾಂಕ, ಶೇಕಡಾ ಎಷ್ಟು ಮುಗಿದಿದೆ ಎಂಬ ಲೆಕ್ಕ ಟು ಡುಗೆ ಗೊತ್ತೇ ಇಲ್ಲ. ಆದ್ಯತೆಯ ಮೂರು ಹಂತಗಳಲ್ಲಿ ‘ಹೈ’ಗೆ ಮಾತ್ರ ನಕ್ಷತ್ರ, ಮಿಕ್ಕೆರಡೂ ಒಂದೇ ರೀತಿ ಕಾಣುತ್ತವೆ.

ಪ್ರಶ್ನೆ: ಆಂಡ್ರಾಯ್ಡ್ ಫೋನಿನಲ್ಲಿ ರಿಮೈಂಡರ್ ಹೊತ್ತಿಗೆ ಸರಿಯಾಗಿ ಬಾರಿಸುವುದಿಲ್ಲ. ಆ್ಯಪ್ ತೆರೆದ ಕೂಡಲೇ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ.

ಉತ್ತರ: ತಪ್ಪು ಎಲ್ಲಿದೆ ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಒಂದು ಟಾಸ್ಕನ್ನು ಫೋನಿನಲ್ಲೇ ಬರೆಯಿರಿ, ಇನ್ನೊಂದನ್ನು ಕಂಪ್ಯೂಟರಿನಲ್ಲಿ. ಎರಡಕ್ಕೂ ಒಂದೂವರೆ ಗಂಟೆ ನಂತರದ ರಿಮೈಂಡರ್ ಕೊಡಿ. ಚಾರ್ಜರ್ ಕಿತ್ತು, ಪರದೆ ಆರಿಸಿ, ಫೋನನ್ನು ಮೇಜಿನ ಮೇಲೆ ಅಲುಗಾಡದಂತೆ ಬಿಡಿ. ಜೇಬಿನಲ್ಲಿಟ್ಟು ಓಡಾಡಿದರೆ ಪರೀಕ್ಷೆ ಕೆಟ್ಟಿತು: ಆಂಡ್ರಾಯ್ಡ್ 6ರಲ್ಲಿ ಬಂದ ಬ್ಯಾಟರಿ ಉಳಿಸುವ ಡೋಜ್ ಎಂಬ ನಿದ್ದೆ ಗಾಢವಾಗುವುದು ಫೋನ್ ಕದಲದೆ ಬಿದ್ದಿರುವಾಗಲೇ.

ಫೋನಿನಲ್ಲಿ ಬರೆದದ್ದೂ ಬಾರಿಸದಿದ್ದರೆ ದೋಷ ಅನುಮತಿಯದು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ನೋಟಿಫಿಕೇಶನ್ ಆನ್ ಇದೆಯೇ ನೋಡಿ. ಆಂಡ್ರಾಯ್ಡ್ 13ರಿಂದ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು. ಆಂಡ್ರಾಯ್ಡ್ 12 ಮತ್ತು ನಂತರದ ಫೋನುಗಳಲ್ಲಿ ‘ಅಲಾರ್ಮ್ಸ್ ಆಂಡ್ ರಿಮೈಂಡರ್ಸ್’ ಎಂಬ ಇನ್ನೊಂದು ಅನುಮತಿಯೂ ಇದೆ. ಕಂಪ್ಯೂಟರಿನಲ್ಲಿ ಬರೆದದ್ದು ಮಾತ್ರ ತಡವಾದರೆ ಸಿಂಕ್ (ಎರಡೂ ಕಡೆಯ ಪಟ್ಟಿಯನ್ನು ಸರಿಹೊಂದಿಸುವ ಕೆಲಸ) ನಿದ್ದೆಹೋಗಿದೆ ಎಂದರ್ಥ. ಬ್ಯಾಟರಿ ವಿಭಾಗದಲ್ಲಿ ಆ ಆ್ಯಪನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಕೆಲವು ಕಂಪನಿಗಳ ಫೋನುಗಳಲ್ಲಿ ಇದರ ಜೊತೆಗೆ ‘ಆಟೋಸ್ಟಾರ್ಟ್’ ಎಂಬ ಇನ್ನೊಂದು ಆಯ್ಕೆ ಬೇರೆಲ್ಲೋ ಅಡಗಿರುತ್ತದೆ, ಹುಡುಕಬೇಕು.

ಪ್ರಶ್ನೆ: ಎರಡು ಟಾಸ್ಕ್ ಆ್ಯಪ್‌ಗಳನ್ನು ಮಧ್ಯವರ್ತಿ ಸೇವೆಯೊಂದರಿಂದ ಬೆಸೆದಿದ್ದೇನೆ. ಪ್ರತಿ ವಾರದ ಟಾಸ್ಕ್ ಈಗ ಎರಡೆರಡು ಆಗುತ್ತಿದೆ.

ಉತ್ತರ: ಆಗಲೇಬೇಕು. ಪುನರಾವರ್ತನೆಯ ಟಾಸ್ಕಿಗೆ ಟಿಕ್ ಹಾಕಿದೊಡನೆ ಆ್ಯಪ್ ಮುಂದಿನ ವಾರದ್ದನ್ನು ಹುಟ್ಟಿಸುತ್ತದೆ. ಆ ಟಿಕ್ ಮಧ್ಯವರ್ತಿಯ ಮೂಲಕ ಇನ್ನೊಂದು ಆ್ಯಪಿಗೆ ಹೋದಾಗ ಅದೂ ತನ್ನ ಪಾಲಿನದೊಂದನ್ನು ಹುಟ್ಟಿಸುತ್ತದೆ. ಬಳಿಕ ಇವೆರಡೂ ‘ಹೊಸ ಟಾಸ್ಕ್’ ಎಂಬ ಹಣೆಪಟ್ಟಿಯಲ್ಲಿ ಪರಸ್ಪರ ನಕಲಾಗುತ್ತವೆ. ಬೆಸುಗೆ ಕಳಚುವ ಮೊದಲು ನಕಲು ಅಳಿಸಲು ಹೋಗಬೇಡಿ, ಅಳಿಸಿದ್ದೂ ಆಚೆಗೆ ಹೋಗಿ ಅಸಲಿಯೂ ಮಾಯವಾದೀತು. ಒಂದು ಆ್ಯಪ್ ಉಳಿಸಿಕೊಂಡು, ಕಂಪ್ಯೂಟರಿನಲ್ಲಿ ಅದನ್ನೇ ಬ್ರೌಸರಿನಲ್ಲಿ ತೆರೆಯಿರಿ. ಬಿಡಲೇಬಾರದು ಎನ್ನುವ ಹಟವಿದ್ದರೆ, ಪುನರಾವರ್ತನೆಯ ಟಾಸ್ಕ್‌ಗಳನ್ನಾದರೂ ಬೆಸುಗೆಯಿಂದ ಹೊರಗಿಡಿ.

ಪ್ರಶ್ನೆ: ಗೂಗಲ್ ಟಾಸ್ಕ್ಸ್‌ನಲ್ಲಿ 10:30 ಎಂದು ಬರೆದಿರುತ್ತೇನೆ. ಕಂಪ್ಯೂಟರಿನ ಬೇರೆ ಆ್ಯಪಿನಲ್ಲಿ ಬರೀ ದಿನಾಂಕ ಕಾಣುತ್ತದೆ.

ಉತ್ತರ: ಗೂಗಲ್ ಹೊರಗಿನ ಆ್ಯಪ್‌ಗಳಿಗೆ ತೆರೆದಿಟ್ಟಿರುವ ಎಪಿಐನಲ್ಲಿ (ಮಾಹಿತಿ ಪಡೆಯುವ ಕಿಂಡಿಯಲ್ಲಿ) ಗಡುವಿಗೆ ದಿನಾಂಕ ಮಾತ್ರ ಇದೆ, ಗಂಟೆ ಉದುರಿಹೋಗುತ್ತದೆ. ಆ್ಯಪ್ ಬದಲಿಸಿದರೆ ಪ್ರಯೋಜನವಿಲ್ಲ. ಸಮಯ ಮುಖ್ಯವಾದರೆ ಜಿಮೇಲ್ ಪಕ್ಕದ ಪಟ್ಟಿಯಲ್ಲೋ ಗೂಗಲ್ ಕ್ಯಾಲೆಂಡರಿನಲ್ಲೋ ನೋಡಿ, ಅಥವಾ ಶೀರ್ಷಿಕೆಯಲ್ಲೇ ‘10:30 ಬ್ಯಾಂಕಿಗೆ ಫೋನ್’ ಎಂದು ಬರೆಯಿರಿ. ಒರಟು ಉಪಾಯ, ಆದರೆ ಎಲ್ಲೂ ಕಳೆದುಹೋಗುವುದಿಲ್ಲ.

ಪ್ರಶ್ನೆ: ಮನೆಯ ಕೆಲಸಗಳನ್ನೂ ಆಫೀಸ್ ಖಾತೆಯಲ್ಲೇ ಇಡಬಹುದೇ?

ಉತ್ತರ: ಬೇಡ. ಕೆಲಸ ಬಿಟ್ಟ ದಿನ ಖಾತೆ ಮುಚ್ಚುತ್ತದೆ, ಪಟ್ಟಿಯೂ ಅದರೊಂದಿಗೇ ಹೋಗುತ್ತದೆ. ಟು ಡು ಆ್ಯಪ್ ಒಂದಕ್ಕಿಂತ ಹೆಚ್ಚು ಖಾತೆಗಳನ್ನು ಒಪ್ಪುತ್ತದೆ. ಫೋನಿನಲ್ಲಿ ಆಫೀಸಿನದೂ ಸ್ವಂತದ್ದೂ ಎರಡನ್ನೂ ಸೇರಿಸಿಕೊಳ್ಳಿ, ಆಫೀಸ್ ಕಂಪ್ಯೂಟರಿಗೆ ಆಫೀಸಿನದೊಂದೇ ಸಾಕು.