ಪಂಡೋರಾ ಹಡಗಿನ ಪೆಟ್ಟಿಗೆ

ಓದುಗರ ಪತ್ರ: 1789ರಲ್ಲಿ ಕ್ಯಾಪ್ಟನ್ ಬ್ಲೈ ವಿರುದ್ಧ ತಿರುಗಿಬಿದ್ದು ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗನ್ನು ವಶಪಡಿಸಿಕೊಂಡ ದಂಗೆಕೋರರ ಬಗ್ಗೆ ಪುಟಗಟ್ಟಲೆ ಬರೆದಿರಿ. ಅವರನ್ನು ಹಿಡಿಯಲು ಹೋದ ಪಂಡೋರಾಕ್ಕೆ ಎರಡೇ ಸಾಲು! ಅದರಲ್ಲೂ ಪಂಡೋರಾದ ಕ್ಯಾಪ್ಟನ್ ಎಡ್ವರ್ಡ್ಸ್ ಕ್ರೂರಿ ಅಂದಿದ್ದೀರಿ. ಅವನು ಮೇಲಿನವರ ಅಪ್ಪಣೆ ಪಾಲಿಸಿದ, ಅಷ್ಟೇ ಅಲ್ವಾ?

ಸಂಪಾದಕರ ಉತ್ತರ: ಎರಡೇ ಸಾಲು ಬರೆದದ್ದು ನಮ್ಮ ತಪ್ಪು, ಒಪ್ಪಿದೆ. ಆದರೆ 'ಕ್ರೂರಿ' ಅನ್ನುವ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ಪಂಡೋರಾ 24 ಫಿರಂಗಿಗಳ ಫ್ರಿಗೇಟ್, ಅಂದರೆ ಯುದ್ಧನೌಕೆ. 1779ರಲ್ಲಿ ಡೆಟ್‌ಫರ್ಡ್‌ನಲ್ಲಿ ನೀರಿಗಿಳಿಯಿತು. 1790ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಬಿಟ್ಟು ಮುಂದಿನ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದ ತಾಹಿಟಿ ದ್ವೀಪ ಮುಟ್ಟಿತು. ಅದು ಲಂಗರು ಹಾಕುವ ಮೊದಲೇ ಜೋಸೆಫ್ ಕೋಲ್ಮನ್ ತಾನಾಗೇ ಬಂದು ಹಡಗು ಹತ್ತಿದ. ಬೌಂಟಿಯಲ್ಲಿ ಆಯುಧ ರಿಪೇರಿ ಮಾಡುತ್ತಿದ್ದವನು. ಇವನನ್ನು ದಂಗೆಕೋರರು ಬಲವಂತವಾಗಿ ಉಳಿಸಿಕೊಂಡರು, ಇವನದೇನೂ ತಪ್ಪಿಲ್ಲ ಅಂತ ಕ್ಯಾಪ್ಟನ್ ಬ್ಲೈ ಮೊದಲೇ ಹೇಳಿದ್ದ. ಎಡ್ವರ್ಡ್ಸ್ ಅವನಿಗೂ ಕೋಳ ಹಾಕಿಸಿದ.

ಬೌಂಟಿಯವರು ಒಟ್ಟು 14 ಜನ ಸಿಕ್ಕರು. ಅವರಿಗಾಗಿ ಡೆಕ್ ಮೇಲೆ 11 ಅಡಿ ಉದ್ದ, 18 ಅಡಿ ಅಗಲದ ಮರದ ಗೂಡು ಕಟ್ಟಿಸಿದ. ಒಳಗೆ ಹೋಗಲು ಬರಲು ಚಾವಣಿಯಲ್ಲೊಂದು ಕಿಂಡಿ. ಕೈಕಾಲಿಗೆ ಕಬ್ಬಿಣ, ಮೇಲೆ ಸುಡುಬಿಸಿಲು, ಊಟ ನಿದ್ದೆ ಕಕ್ಕಸು ಎಲ್ಲ ಅಲ್ಲೇ, ಅದೂ ಸುಮಾರು ಐದು ತಿಂಗಳು. ಗ್ರೀಕ್ ಪುರಾಣದಲ್ಲಿ ಕೇಡುಗಳನ್ನೆಲ್ಲ ತುಂಬಿಟ್ಟ ಪೆಟ್ಟಿಗೆಯ ಹಾಗೆ, 'ಪಂಡೋರಾದ ಪೆಟ್ಟಿಗೆ' ಅಂತ ಅದಕ್ಕೆ ಹೆಸರು ಬಿತ್ತು.

ಈಗ ಅಪ್ಪಣೆಯ ವಿಷಯ. ತಪ್ಪಿಸಿಕೊಳ್ಳದ ಹಾಗೆ ಬಿಗಿಯಾಗಿ ಇಡು ಅಂತಿದ್ದದ್ದು ನಿಜ. ಅವರ ಜೀವ ಜೋಪಾನ ಮಾಡಿ ಕರೆತಾ ಅಂತಲೂ ಅಲ್ಲೇ ಇತ್ತು. ಅವನು ಪಾಲಿಸಿದ್ದು ಅರ್ಧ ಮಾತ್ರ.

1791ರ ಆಗಸ್ಟ್ 28ರ ಸಂಜೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹಡಗು ಹವಳದ ದಿಬ್ಬಕ್ಕೆ ಬಡಿಯಿತು. ಕೋಲ್ಮನ್ ಸೇರಿ ಮೂವರನ್ನು ಪಂಪ್ ಹೊಡೆಯಲು ಬಿಟ್ಟರು. ಹೆದರಿ ಕೋಳ ಮುರಿದುಕೊಂಡ ಉಳಿದವರಿಗೆ ಮತ್ತೆ ಹಾಕಿಸಿದರು! ಬೆಳಗ್ಗೆ ಹಡಗು ವಾಲಿ ಮುಳುಗುವಾಗ ಕಿಂಡಿಯ ಅಗುಳಿ ತೆಗೆದವನು ವಿಲಿಯಂ ಮೌಲ್ಟರ್ ಎಂಬ ನಾವಿಕ. ಸಿಬ್ಬಂದಿಯಲ್ಲಿ 31, ಕೈದಿಗಳಲ್ಲಿ 4 ಜನ ಸತ್ತರು. ಹಿಲ್‌ಬ್ರಾಂಟ್ ಅನ್ನುವವನು ಕೋಳದ ಸಮೇತ ಮುಳುಗಿದ.

ಉಳಿದವರು ನಾಲ್ಕು ದೋಣಿಗಳಲ್ಲಿ ಟಿಮೋರ್ ಸೇರಿದರು. ಹಡಗು ಕಳೆದದ್ದಕ್ಕೆ ನಡೆದ ವಿಚಾರಣೆಯಲ್ಲಿ ಎಡ್ವರ್ಡ್ಸ್ ಖುಲಾಸೆಯಾದ. ಕೈದಿಗಳಲ್ಲಿ ಮೂವರಿಗೆ ಗಲ್ಲು, ಕೋಲ್ಮನ್ ನಿರ್ದೋಷಿ. ದಂಗೆಯ ಮುಖ್ಯಸ್ಥ ಫ್ಲೆಚರ್ ಕ್ರಿಶ್ಚಿಯನ್ ಮಾತ್ರ ಪಿಟ್‌ಕೇರ್ನ್ ದ್ವೀಪದಲ್ಲಿ ಅಡಗಿದ್ದ, ಕೈಗೆ ಸಿಗಲೇ ಇಲ್ಲ.

ಹಡಗಿನ ಅವಶೇಷ 1977ರಲ್ಲಿ ಸಿಕ್ಕಿತು, ಸಾಮಾನುಗಳು ಟೌನ್ಸ್‌ವಿಲ್‌ನ ಮ್ಯೂಸಿಯಂನಲ್ಲಿವೆ. ನನಗೆ ಜಾಸ್ತಿ ಕಾಡುವುದು ಬದುಕುಳಿದ ಕೈದಿ ಮಾರಿಸನ್ ಬರೆದಿಟ್ಟ ಒಂದು ನೋಟ. ಆ ಗೂಡಿನ ಚಾವಣಿ ಕಿತ್ತುಕೊಂಡು ನೀರಲ್ಲಿ ತೇಲುತ್ತಿತ್ತಂತೆ. ಅದರ ಮೇಲೆ ಕೋಲ್ಮನ್ ಇದ್ದ, ಪಕ್ಕದಲ್ಲೇ ಹಡಗಿನ ಫಸ್ಟ್ ಲೆಫ್ಟಿನೆಂಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ.